ರಿಪ್ಲೈ ಬಟನ್ ಇಲ್ಲದ ಚರ್ಚಾಕೂಟ: ‘ಪಾಲಿಸ್’ ತಂತ್ರಾಂಶದ ವಿಮರ್ಶೆ

ಪಾಲಿಸ್‌ನಲ್ಲಿ ಅಂದರೆ ಆನ್‌ಲೈನ್‌ನಲ್ಲಿ ಜನರ ಅಭಿಪ್ರಾಯ ಕೂಡಿಸುವ ಈ ತಂತ್ರಾಂಶದಲ್ಲಿ, ಯಾರೂ ಯಾರಿಗೂ ಉತ್ತರ ಕೊಡುವಂತಿಲ್ಲ. ಒಬ್ಬರು ಒಂದು ಪುಟ್ಟ ಹೇಳಿಕೆ ಬರೆಯುತ್ತಾರೆ. ಉಳಿದವರು ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’, ‘ಪಾಸ್’ ಎಂಬ ಮೂರರಲ್ಲಿ ಒಂದನ್ನು ಒತ್ತಿ ಮುಂದಿನ ಹೇಳಿಕೆಗೆ ಹೋಗುತ್ತಾರೆ. ಓದಿದ್ದು ಎಷ್ಟೇ ಸಿಟ್ಟು ತರಿಸಿದರೂ ಅದರ ಕೆಳಗೆ ಜಗಳ ತೆಗೆಯಲು ಜಾಗವಿಲ್ಲ. ಬೇಕಿದ್ದರೆ ತಮ್ಮದೇ ಹೊಸ ಹೇಳಿಕೆ ಬರೆಯಬಹುದು, ಅದನ್ನೂ ಎಲ್ಲರೂ ತೂಗಿ ನೋಡುತ್ತಾರೆ. ಭಿನ್ನಾಭಿಪ್ರಾಯ ಇರುವವರ ನಡುವೆ ಮಾತು ಹುಟ್ಟಿಸುವ ಸಾಧನ ಎಂದು ಹೆಸರು ಮಾಡಿರುವ ತಂತ್ರಾಂಶದಲ್ಲಿ ಮಾತಿಗೆ ಮಾತು ಕೊಡುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ನಿಲ್ಲಿಸಿದ್ದು ಸರಿ. ಆದರೆ ಅಲ್ಲಿ ನಿಲ್ಲಿಸಿದ್ದನ್ನು ಮುಂದೆ ಇನ್ನೊಂದು ಕಡೆ, ಎದುರುಬದುರು ಕೂತು, ಶುರು ಮಾಡಲೇಬೇಕು. ಪಾಲಿಸ್ ಓಡಿಸಿ, ವರದಿ ತೆಗೆದು, ‘ಸಂವಾದ ಮುಗಿಯಿತು’ ಎಂದು ಎದ್ದುಹೋಗುವ ಆಯೋಜಕರು ಅರ್ಧ ಕೆಲಸವನ್ನೂ ಮಾಡಿರುವುದಿಲ್ಲ.

ಹಿನ್ನೆಲೆ ಚುಟುಕಾಗಿ. ಅಮೆರಿಕದ ಸಿಯಾಟಲ್‌ನಲ್ಲಿ 2012ರಲ್ಲಿ ಕಾಲಿನ್ ಮೆಗಿಲ್ ಮತ್ತು ಜೊತೆಗಾರರು ಆರಂಭಿಸಿದ ಕೆಲಸ ಇದು. ಈಗ ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ ಆಕರ ತಂತ್ರಾಂಶವಾಗಿದ್ದು, ಎಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು. ಹೆಸರು ಬಂದದ್ದು ತೈವಾನ್‌ನಿಂದ. 2014ರ ಸೂರ್ಯಕಾಂತಿ ಎಂಬ ವಿದ್ಯಾರ್ಥಿ ಚಳವಳಿಯ ನಂತರ ಅಲ್ಲಿನ ‘ಗವ್-ಝೀರೋ’ ಎಂಬ ಸ್ವಯಂಸೇವಕರ ಬಳಗ ‘ವಿ-ತೈವಾನ್’ ಎಂಬ ಸಾರ್ವಜನಿಕ ಸಮಾಲೋಚನೆಯ ವ್ಯವಸ್ಥೆಯನ್ನು ಕಟ್ಟಿತು. 2015ರಲ್ಲಿ ಊಬರ್ ವಿವಾದ ಅದರ ಕೈಗೆ ಬಂದಾಗ ಜನರ ಅಭಿಪ್ರಾಯ ತಿಳಿಯಲು ಅದು ಪಾಲಿಸ್ ಬಳಸಿತು. ಟ್ಯಾಕ್ಸಿ ಚಾಲಕರು ಒಂದು ಕಡೆ, ಊಬರ್ ಪರ ಇದ್ದವರು ಇನ್ನೊಂದು ಕಡೆ. ಊಬರ್ ಬೇಕೋ ಬೇಡವೋ ಎಂಬಲ್ಲಿ ಎರಡು ಗುಂಪು ಸ್ಪಷ್ಟವಾಗಿ ಒಡೆದು ನಿಂತರೂ, ಪ್ರಯಾಣಿಕರ ಸುರಕ್ಷತೆ, ವಿಮೆ, ಚಾಲಕರ ನೋಂದಣಿ ಇಂಥ ವಿಷಯಗಳಲ್ಲಿ ಎರಡೂ ಕಡೆ ಒಪ್ಪಿಗೆ ಕಾಣಿಸಿತು. ಆಮೇಲೆ ಸಾರಿಗೆ ಇಲಾಖೆ, ಊಬರ್, ಟ್ಯಾಕ್ಸಿ ಸಂಘದವರು ಒಂದೇ ಮೇಜಿಗೆ ಬಂದರು. ಆ ಸಭೆ ಎಲ್ಲರೂ ನೋಡುವಂತೆ ನೇರಪ್ರಸಾರವಾಯಿತು. 2016ರಲ್ಲಿ ಹೊಸ ನಿಯಮಗಳು ಬಂದವು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅಭಿಪ್ರಾಯದ ಗುಂಪುಗಳನ್ನು ತೋರಿಸುವ ತಂತ್ರಾಂಶದ ನಕ್ಷೆ ತೋರಿಸುತ್ತಾರೆ, ಮೇಜಿನ ಮುಂದಿನ ಸಭೆಯನ್ನು ಬಿಟ್ಟುಬಿಡುತ್ತಾರೆ. ಪಾಲಿಸ್ ತಂದು ನಿರಾಶರಾಗುವ ಸಂಸ್ಥೆಗಳ ತೊಂದರೆ ಬಹುಪಾಲು ಅಲ್ಲೇ ಶುರುವಾಗುತ್ತದೆ.

ಉತ್ತರ ಕೊಡಲಾಗದಿದ್ದರೆ ಏನು ಲಾಭ

ಸಾಮಾನ್ಯ ಚರ್ಚೆಯಲ್ಲಿ ಒಬ್ಬರು ನಾಲ್ಕು ಮಾತು ಹೇಳಿದರೆ ಎದುರಿನವರು ಹಿಡಿಯುವುದು ಅವುಗಳಲ್ಲಿ ಅತಿ ದುರ್ಬಲವಾದ ಒಂದನ್ನು. ಉಳಿದ ಮೂರರಲ್ಲಿ ಒಪ್ಪಿಗೆ ಇದ್ದರೂ ಅದನ್ನು ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ; ಒಪ್ಪಿದ್ದನ್ನು ಬರೆಯುವುದು ಸಮಯ ಹಾಳು ಅನ್ನಿಸುತ್ತದೆ. ಹೀಗಾಗಿ ದಾಖಲೆಯಲ್ಲಿ ಉಳಿಯುವುದು ಬರೀ ಜಗಳ. ಪಾಲಿಸ್‌ನಲ್ಲಿ ಒಪ್ಪಿಗೆಗೂ ಒಂದೇ ಒತ್ತು, ವಿರೋಧಕ್ಕೂ ಒಂದೇ ಒತ್ತು. ಒಪ್ಪಿಗೆಯ ಖರ್ಚು ವಿರೋಧದಷ್ಟೇ ಆದ ಕೂಡಲೇ ಅಲ್ಲಿಯವರೆಗೆ ಕಾಣದೇ ಇದ್ದ ಒಪ್ಪಿಗೆ ಲೆಕ್ಕಕ್ಕೆ ಬರುತ್ತದೆ. ಈ ತಂತ್ರಾಂಶದ ಜಾಣತನವೆಲ್ಲ ಈ ಒಂದು ನಿರ್ಧಾರದಲ್ಲಿದೆ. ಗಣಿತ ಆಮೇಲಿನದು.

ಎರಡನೆಯ ಲಾಭ ಪ್ರೇಕ್ಷಕರಿಗೆ ಸಂಬಂಧಿಸಿದ್ದು. ನೂರು ಜನ ನೋಡುತ್ತಿರುವಾಗ ಇಬ್ಬರು ವಾದಿಸಿದರೆ ಇಬ್ಬರ ಗಮನವೂ ಎದುರಾಳಿಯ ಮೇಲಿರುವುದಿಲ್ಲ, ನೋಡುವವರ ಮೇಲಿರುತ್ತದೆ. ತಪ್ಪು ಒಪ್ಪಿಕೊಂಡರೆ ಮುಖಭಂಗ. ಇಲ್ಲಿ ಮತ ಹಾಕುವವರಿಗೆ ಹೇಳಿಕೆ ಯಾರದೆಂಬುದು ಮುಖ್ಯವಾಗಿ ಕಾಣುವುದಿಲ್ಲ, ಎದುರಾಳಿ ಎಂಬ ವ್ಯಕ್ತಿಯೇ ಇರುವುದಿಲ್ಲ. ‘ಇವರು ಹೇಳಿದ್ದಕ್ಕೆ ವಿರೋಧಿಸಬೇಕು’ ಎಂಬ ಹಟ ಹುಟ್ಟಲು ‘ಇವರು’ ಯಾರೆಂದು ಗೊತ್ತಿರಬೇಕಲ್ಲ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ‘ಶಾಲೆಯಲ್ಲಿ ಮೊಬೈಲ್ ಬೇಡ’ ಎನ್ನುವವರನ್ನು ಕಂಡರೆ ಅವರು ತಂತ್ರಜ್ಞಾನದ ವಿರೋಧಿಗಳು, ಶಿಸ್ತಿನ ಹುಚ್ಚಿನವರು, ಮಕ್ಕಳನ್ನು ನಂಬದವರು ಎಂದು ಇಡೀ ಗಂಟನ್ನು ಅವರ ತಲೆಗೆ ಕಟ್ಟಿಬಿಡುತ್ತೇವೆ. ಅವರೂ ನಮಗೆ ಹಾಗೇ ಕಟ್ಟುತ್ತಾರೆ. ಬಿಡಿ ಬಿಡಿ ಹೇಳಿಕೆಗಳ ಮೇಲೆ ಪ್ರತ್ಯೇಕವಾಗಿ ಮತ ಹಾಕಿಸಿದಾಗ ಈ ಗಂಟು ಬಿಚ್ಚಿಕೊಳ್ಳುತ್ತದೆ. ನಿಷೇಧ ಬೇಕೆನ್ನುವವರಲ್ಲಿ ಎಷ್ಟೋ ಮಂದಿ ‘ಮನೆಗೆ ಹೋಗುವ ದಾರಿಯಲ್ಲಿ ಮಗುವಿನ ಹತ್ತಿರ ಫೋನ್ ಇರಬೇಕು’ ಎಂಬುದಕ್ಕೆ ಒಪ್ಪಿಗೆ ಒತ್ತಬಹುದು. ಜಗಳದ ನಡುವೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಲೆಕ್ಕ ಹೇಗೆ

ಪ್ರತಿ ವ್ಯಕ್ತಿಗೆ ಒಂದು ಸಾಲು, ಪ್ರತಿ ಹೇಳಿಕೆಗೆ ಒಂದು ಕಂಬಸಾಲು. ಹೀಗೊಂದು ದೊಡ್ಡ ಕೋಷ್ಟಕ. ಅದರ ಮೇಲೆ ಪ್ರಧಾನ ಘಟಕ ವಿಶ್ಲೇಷಣೆ ಎಂಬ ಸಂಖ್ಯಾಶಾಸ್ತ್ರದ ವಿಧಾನವನ್ನು ಓಡಿಸಿ, ಒಂದೇ ಬಗೆಯಲ್ಲಿ ಮತ ಹಾಕಿದವರನ್ನು ನಕ್ಷೆಯಲ್ಲಿ ಹತ್ತಿರ ಹತ್ತಿರ ಇಡುತ್ತದೆ. ಆಮೇಲೆ ಕೆ-ಮೀನ್ಸ್ ಎಂಬ ವಿಧಾನದಿಂದ ಅವರನ್ನು 2ರಿಂದ 5 ಗುಂಪುಗಳಾಗಿ ವಿಂಗಡಿಸುತ್ತದೆ. ಗುಂಪುಗಳಿಗೆ ಎ, ಬಿ, ಸಿ ಎಂಬ ಅಕ್ಷರಗಳು ಮಾತ್ರ. ವಯಸ್ಸು, ಜಾತಿ, ಪಕ್ಷ ಯಾವುದನ್ನೂ ಕೇಳುವುದಿಲ್ಲ; ಗುಂಪು ಮೂಡುವುದು ಮತಗಳಿಂದಷ್ಟೇ.

ಎಲ್ಲ ಗುಂಪುಗಳಿಗೂ ಒಪ್ಪಿಗೆಯಾದ ಹೇಳಿಕೆ ಯಾವುದೆಂದು ಹುಡುಕುವ ಸೂತ್ರ ನೋಡುವಂಥದ್ದು. 100 ಜನರಿದ್ದಾರೆ ಎಂದುಕೊಳ್ಳಿ; ಎ ಗುಂಪಿನಲ್ಲಿ 80, ಬಿ ಗುಂಪಿನಲ್ಲಿ 20. ಮೊದಲ ಹೇಳಿಕೆಗೆ ಎ ಗುಂಪಿನ ಶೇ. 90, ಬಿ ಗುಂಪಿನ ಶೇ. 20 ಜನ ಒಪ್ಪಿದ್ದಾರೆ. ಎರಡನೆಯದಕ್ಕೆ ಎರಡೂ ಗುಂಪುಗಳಲ್ಲಿ ಶೇ. 70. ಕೈ ಎತ್ತಿಸಿ ಎಣಿಸಿದರೆ ಮೊದಲನೆಯದಕ್ಕೆ 76, ಎರಡನೆಯದಕ್ಕೆ 70, ಮೊದಲನೆಯದು ಗೆದ್ದಿತು. ಪಾಲಿಸ್ ಗುಂಪುಗಳ ಪ್ರಮಾಣವನ್ನು ಒಂದಕ್ಕೊಂದು ಗುಣಿಸುತ್ತದೆ. 0.9 × 0.2 ಎಂದರೆ 0.18. 0.7 × 0.7 ಎಂದರೆ 0.49. ಇಲ್ಲಿ ಎರಡನೆಯದು ಬಹಳ ಮುಂದೆ. (ಮತಗಳು ಕಡಿಮೆ ಇದ್ದಾಗ ಅಂಕಿ ಅತಿಗೆ ಹೋಗದಿರಲೆಂದು ಒಂದು ಸಣ್ಣ ತಿದ್ದುಪಡಿಯೂ ಸೇರುತ್ತದೆ, ತತ್ವ ಇಷ್ಟೇ.) ಗುಣಾಕಾರದ ಗುಣವೆಂದರೆ ಒಂದು ಗುಂಪು ಪೂರ್ತಿ ತಿರಸ್ಕರಿಸಿದ್ದನ್ನು ಇನ್ನೊಂದು ಗುಂಪು ಎಷ್ಟೇ ದೊಡ್ಡದಿದ್ದರೂ ಮೇಲಕ್ಕೆತ್ತಲು ಆಗುವುದಿಲ್ಲ. ಸಂಖ್ಯಾಬಲದಿಂದ ಗೆಲ್ಲುವ ಆಸೆ ಇಲ್ಲಿ ಫಲಿಸದು. ಎದುರಿನವರಿಗೂ ಒಪ್ಪಿಗೆಯಾಗುವ ಮಾತು ಹುಡುಕಿದವರಿಗೆ ಮಾತ್ರ ಅಂಕ.

ಹೇಳಿಕೆ ಬರೆಯುವಲ್ಲೇ ಅರ್ಧ ಸೋಲು-ಗೆಲುವು

ಮೊದಲು ಪ್ರಶ್ನೆ. ‘ಶಾಲೆಯಲ್ಲಿ ಮೊಬೈಲ್ ನಿಷೇಧಿಸಬೇಕೇ?’ ಎಂದು ಕೇಳಿದರೆ ಜನ ಬಾಗಿಲಲ್ಲೇ ಎರಡು ಸಾಲಾಗಿ ನಿಂತುಬಿಡುತ್ತಾರೆ. ‘ಶಾಲೆಯ ಸಮಯದಲ್ಲಿ ಮಕ್ಕಳ ಕೈಯಲ್ಲಿ ಮೊಬೈಲ್ ಹೇಗೆ, ಎಷ್ಟು ಇರಬೇಕು?’ ಎಂದು ಕೇಳಿ. ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಯನ್ನು ಪಾಲಿಸ್‌ಗೆ ಹಾಕಬೇಡಿ. ಅದಕ್ಕೆ ಸಾದಾ ಮತದಾನ ಸಾಕು.

ನಂತರ ಬೀಜ ಹೇಳಿಕೆಗಳು, ಅಂದರೆ ಚರ್ಚೆ ತೆರೆಯುವ ಮುಂಚೆ ಆಯೋಜಕರೇ ಬರೆದಿಡುವ ಹೇಳಿಕೆಗಳು. ಕನಿಷ್ಠ 10ರಿಂದ 15 ಬೇಕು, 20 ಇದ್ದರೆ ನೆಮ್ಮದಿ. ಇದಕ್ಕಿಂತ ಕಡಿಮೆ ಇದ್ದರೆ ಮೊದಲ ದಿನ ಬಂದವರಿಗೆ ಎರಡೇ ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ, ಅವರು ಮತ್ತೆ ಬರುವುದಿಲ್ಲ. ಮೂರನೆಯ ವಾರದಲ್ಲಿ ಬಂದ ಒಳ್ಳೆಯ ಹೇಳಿಕೆಯನ್ನು ಅವರು ನೋಡಿಯೇ ಇರುವುದಿಲ್ಲ. ಬೀಜಗಳಲ್ಲಿ ಮೂರರಲ್ಲಿ ಒಂದು ಪಾಲು ಒಂದು ಪಕ್ಷದ ನಿಜವಾದ ಮಾತು, ಇನ್ನೊಂದು ಪಾಲು ಎದುರು ಪಕ್ಷದ್ದು, ಉಳಿದದ್ದು ಇಬ್ಬರೂ ಯೋಚಿಸದ ನಡುವಿನ ದಾರಿಗಳು. ಆಯಾ ಪಕ್ಷದ ಬೀಜವನ್ನು ಆಯಾ ಪಕ್ಷದವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಆಯೋಜಕರು ಕೂತಲ್ಲೇ ಊಹಿಸಿ ಬರೆದರೆ ತಮಗಾಗದ ಪಕ್ಷದ ಮಾತು ಗೊತ್ತಿಲ್ಲದಂತೆಯೇ ಪೆದ್ದುಪೆದ್ದಾಗಿ ಬರುತ್ತದೆ. ಓದಿದವರಿಗೆ ಅದು ತಕ್ಷಣ ವಾಸನೆ ಹೊಡೆಯುತ್ತದೆ.

ಮೂಲ ವಿನ್ಯಾಸದಲ್ಲಿ ಒಂದು ಹೇಳಿಕೆಗೆ 140 ಅಕ್ಷರಗಳ ಮಿತಿ. ಮಿತಿ ಇದ್ದರೂ ಜನ ಒಂದರಲ್ಲಿ ಎರಡು ತುರುಕುತ್ತಾರೆ. ‘ಮೊಬೈಲ್ ಗಮನ ಕೆಡಿಸುತ್ತದೆ, ಆದ್ದರಿಂದ ನಿಷೇಧಿಸಬೇಕು’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಒತ್ತಿದವರು ಯಾವುದನ್ನು ಒಪ್ಪಲಿಲ್ಲ? ಗಮನ ಕೆಡುತ್ತದೆ ಎಂಬುದನ್ನೋ, ನಿಷೇಧವನ್ನೋ? ಎರಡು ಹೇಳಿಕೆ ಮಾಡಿ. ‘ಆದ್ದರಿಂದ’, ‘ಯಾಕೆಂದರೆ’, ‘ಮತ್ತು’, ‘ಆದರೆ’ ಎಂಬ ಪದ ಕಂಡಲ್ಲೆಲ್ಲ ಕತ್ತರಿ ಹಾಕಿ ನೋಡಬೇಕು.

ನಿಷೇಧಾರ್ಥಕ ವಾಕ್ಯ ಇನ್ನೊಂದು ಹಳ್ಳ. ‘ಮೊಬೈಲ್ ತರಲು ಬಿಡಬಾರದು’ ಎಂಬುದನ್ನು ‘ಒಪ್ಪುವುದಿಲ್ಲ’ ಎಂದರೆ ಬಿಡಬೇಕು ಎಂದರ್ಥ. ಅವಸರದಲ್ಲಿ ಬೆರಳು ತಪ್ಪು ಕಡೆ ಹೋಗುತ್ತದೆ. ಪ್ರಶ್ನಾರ್ಥಕ ವಾಕ್ಯಕ್ಕೆ ಮತ ಹಾಕಲು ಬರುವುದಿಲ್ಲ. ‘ಮೇಲೆ ಒಬ್ಬರು ಹೇಳಿದ್ದು ತಪ್ಪು’ ಎಂಬುದಕ್ಕೆ ಅರ್ಥವೇ ಇಲ್ಲ, ಯಾಕೆಂದರೆ ಹೇಳಿಕೆಗಳು ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಬರುತ್ತವೆ, ‘ಮೇಲೆ’ ಎಂಬುದು ಅಲ್ಲಿಲ್ಲ. ಇವುಗಳಿಗಿಂತ ಕೆಟ್ಟದ್ದು ಸಪ್ಪೆ ಹೇಳಿಕೆ. ‘ಮಕ್ಕಳ ಭವಿಷ್ಯ ಮುಖ್ಯ’ ಎಂಬುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಎರಡೂ ಗುಂಪು ಶೇ. 98 ಒಪ್ಪುತ್ತವೆ, ವರದಿಯ ನೆತ್ತಿಯಲ್ಲಿ ಅದೇ ಕೂರುತ್ತದೆ, ಪತ್ರಿಕಾ ಹೇಳಿಕೆಗೆ ಚೆನ್ನಾಗಿರುತ್ತದೆ, ಯಾವ ನಿರ್ಧಾರಕ್ಕೂ ಉಪಯೋಗವಿಲ್ಲ. ಗುಣಾಕಾರದ ಸೂತ್ರದ ನಿಜವಾದ ದೌರ್ಬಲ್ಯ ಇದು. ಅದಕ್ಕೆ ಒಮ್ಮತ ಗೊತ್ತಾಗುತ್ತದೆಯೇ ಹೊರತು ಒಮ್ಮತದ ತೂಕ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ: ಈ ಹೇಳಿಕೆಗೆ ಎಲ್ಲರೂ ಒಪ್ಪಿದರೆ ನಾಳೆ ಬೆಳಗ್ಗೆ ಯಾರು ಯಾವ ಕೆಲಸವನ್ನು ಬೇರೆ ರೀತಿ ಮಾಡುತ್ತಾರೆ? ಉತ್ತರ ಇಲ್ಲದಿದ್ದರೆ ಆ ಬೀಜವನ್ನು ತೆಗೆದುಹಾಕಿ.

ಒಂದು ಬಗೆಯ ಹೇಳಿಕೆಯನ್ನು ಆಯೋಜಕರು ಬಿಟ್ಟುಬಿಡುತ್ತಾರೆ, ಬಿಡಬಾರದು. ‘ಮಗುವಿಗೆ ಫೋನ್ ಮಾಡಿ ವಿಚಾರಿಸಲು ಆಗದಿದ್ದರೆ ನನಗೆ ಗಾಬರಿಯಾಗುತ್ತದೆ.’ ‘ತರಗತಿಯಲ್ಲಿ ನನ್ನನ್ನು ಯಾರಾದರೂ ವಿಡಿಯೋ ಮಾಡುತ್ತಾರೆಂಬ ಭಯ ಇದೆ.’ ಇವು ನೀತಿಯ ಮಾತಲ್ಲ, ನೀತಿಯ ಹಿಂದಿರುವ ಕಳವಳ. ಇಂಥ ನಾಲ್ಕೈದು ಇದ್ದರೆ, ಮುಂದೆ ಎದುರುಬದುರು ಕೂತಾಗ ಎಲ್ಲಿಂದ ಮಾತು ಶುರು ಮಾಡಬೇಕೆಂದು ತಿಳಿಯುತ್ತದೆ.

ನಡೆಸುವಾಗ

ಅವಧಿ ಎರಡರಿಂದ ನಾಲ್ಕು ವಾರ. ಆಹ್ವಾನವನ್ನು ಒಂದೇ ಸಲ ಕಳಿಸಬೇಡಿ. ಅರ್ಧ ಜನರಿಗೆ ಮೊದಲ ವಾರ, ಉಳಿದವರಿಗೆ ಎರಡನೆಯ ವಾರ. ಆಗ ಮೊದಲ ಗುಂಪು ಬರೆದ ಹೇಳಿಕೆಗಳಿಗೆ ಎರಡನೆಯ ಗುಂಪಿನಿಂದ ಸಾಕಷ್ಟು ಮತ ಬೀಳುತ್ತದೆ. ಕೊನೆಯ ವಾರದ ಆರಂಭದಲ್ಲಿ ಎಲ್ಲರಿಗೂ ‘ನೀವು ನೋಡದ ಹೊಸ ಹೇಳಿಕೆಗಳು ಬಂದಿವೆ’ ಎಂದು ಮತ್ತೊಮ್ಮೆ ತಿಳಿಸಬೇಕು. ಕೊನೆಯ ಎರಡು ಮೂರು ದಿನ ಹೊಸ ಹೇಳಿಕೆ ಬರೆಯುವುದನ್ನು ನಿಲ್ಲಿಸಿ ಬರೀ ಮತಕ್ಕೆ ಬಿಡುವುದು ಒಳ್ಳೆಯದು.

ಗುಂಪು ಲೆಕ್ಕಕ್ಕೆ ಒಬ್ಬರನ್ನು ಸೇರಿಸಿಕೊಳ್ಳಲು ಅವರು ಕನಿಷ್ಠ 7 ಹೇಳಿಕೆಗಳಿಗೆ ಮತ ಹಾಕಿರಬೇಕು. ಏಳು ಸಾಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. 200 ಜನ, 120 ಹೇಳಿಕೆ ಎಂದರೆ ಕೋಷ್ಟಕದಲ್ಲಿ 24,000 ಮನೆಗಳು. ತಲಾ 30 ಮತ ಬಿದ್ದರೂ ತುಂಬುವುದು 6,000, ಕಾಲು ಭಾಗ. ಉಳಿದ ಮುಕ್ಕಾಲನ್ನು ಸೂತ್ರ ಅಂದಾಜಿನಿಂದ ತುಂಬಿಕೊಳ್ಳುತ್ತದೆ. ತಲಾ ಹತ್ತೇ ಮತವಾದರೆ ಹನ್ನೆರಡರಲ್ಲಿ ಒಂದು ಭಾಗ ಮಾತ್ರ ನಿಜ. ಆಹ್ವಾನದಲ್ಲೇ ‘ಹತ್ತು ನಿಮಿಷ ಬೇಕು, ಕನಿಷ್ಠ 25 ಹೇಳಿಕೆ ನೋಡಿ’ ಎಂದು ಬರೆಯಿರಿ. ಒಂದೇ ಅರ್ಥದ ಹೇಳಿಕೆಗಳು ರಾಶಿ ಬಿದ್ದರೆ ಈ ಮನೆಗಳು ಇನ್ನೂ ಖಾಲಿಯಾಗುತ್ತವೆ, ಹಾಗಾಗಿ ನಕಲುಗಳನ್ನು ತೆಗೆಯುವುದು ಹೇಳಿಕೆಗಳನ್ನು ಪರಿಶೀಲಿಸುವ ಮಾಡರೇಟರ್‌ನ ದಿನನಿತ್ಯದ ಕೆಲಸ.

ಮಾಡರೇಟರ್ ತೆಗೆಯಬಹುದಾದ್ದು ಮೂರೇ: ನಕಲು, ವಿಷಯಕ್ಕೆ ಸಂಬಂಧವಿಲ್ಲದ್ದು, ವ್ಯಕ್ತಿಯ ಮೇಲಿನ ಬೈಗುಳ. ‘ಇದು ಅತಿರೇಕ’ ಎಂಬ ಕಾರಣಕ್ಕೆ ತೆಗೆದ ಒಂದೊಂದು ಹೇಳಿಕೆಯೂ ಒಂದು ಗುಂಪನ್ನು ನಕ್ಷೆಯಿಂದ ಅಳಿಸುತ್ತದೆ. ಅನುಮೋದನೆಯಾಗದೆ ಯಾವ ಹೇಳಿಕೆಯೂ ಕಾಣದಂತೆ ಮಾಡುವ ಕಟ್ಟುನಿಟ್ಟಿನ ವ್ಯವಸ್ಥೆಯೂ ಇದೆ. ಅದನ್ನು ಹಾಕಿದರೆ ದಿನಕ್ಕೆ ಎರಡು ಸಲವಾದರೂ ಕೂತು ಅನುಮೋದಿಸಬೇಕು. ಮೂರು ದಿನ ಸುಮ್ಮನಿದ್ದರೆ ಬರೆದವರು ತಮ್ಮ ಮಾತನ್ನು ಕಸದ ಬುಟ್ಟಿಗೆ ಹಾಕಿದರು ಎಂದೇ ತಿಳಿಯುತ್ತಾರೆ. ಮಾಡರೇಟರ್ ಇಬ್ಬರಿರಲಿ, ವಿಷಯದಲ್ಲಿ ಇಬ್ಬರದೂ ಬೇರೆ ಬೇರೆ ನಿಲುವಾಗಿರಲಿ.

ಒಂದೇ ಕೊಂಡಿಯನ್ನು ಎಲ್ಲರಿಗೂ ಹಂಚಿದರೆ ಒಬ್ಬರೇ ಬೇರೆ ಬ್ರೌಸರ್‌ನಲ್ಲಿ ತೆರೆದು ಎರಡು ಸಲ ಮತ ಹಾಕಬಹುದು. ಸದಸ್ಯರ ಪಟ್ಟಿ ಇರುವ ಸಂಸ್ಥೆಯಾದರೆ ಪ್ರತಿಯೊಬ್ಬರ ಕೊಂಡಿಗೂ ಬೇರೆ ಗುರುತು ಸಂಖ್ಯೆ ಸೇರಿಸುವ ಸೌಲಭ್ಯವಿದೆ, ಬಳಸಿ. ಆದರೆ ಆ ಗುರುತಿನ ಪಟ್ಟಿ ಮೇಲಧಿಕಾರಿಯ ಕೈಯಲ್ಲಿದೆ ಎಂದು ಗೊತ್ತಾದರೆ ಯಾರೂ ಮನಸ್ಸಿನ ಮಾತಿಗೆ ಮತ ಹಾಕುವುದಿಲ್ಲ. ಪಟ್ಟಿ ಹೊರಗಿನವರ ಬಳಿ ಇರಬೇಕು.

ನಕ್ಷೆ ಓದುವಾಗಿನ ಮೋಸಗಳು

ಕೆ-ಮೀನ್ಸ್‌ಗೆ ಜನರನ್ನು ಕೊಟ್ಟರೆ ಅದು ಗುಂಪು ಮಾಡಿಯೇ ತೀರುತ್ತದೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಯೋಚಿಸಿದರೂ ನಡುವೆ ಗೆರೆ ಎಳೆದು ಎ, ಬಿ ಎಂದು ತೋರಿಸುತ್ತದೆ, ಏಕೆಂದರೆ ಕನಿಷ್ಠ ಎರಡು ಗುಂಪು ಬೇಕೆಂಬುದು ಪಾಲಿಸ್ ಇಟ್ಟುಕೊಂಡ ನಿಯಮ. ಹಾಗಾಗಿ ಗುಂಪುಗಳಿವೆ ಎಂಬುದೇ ಒಡಕಿದೆ ಎಂಬುದಕ್ಕೆ ಸಾಕ್ಷಿಯಲ್ಲ. ವರದಿಯಲ್ಲಿ ಪ್ರತಿ ಗುಂಪನ್ನು ಉಳಿದವರಿಂದ ಬೇರೆ ಮಾಡಿದ ಹೇಳಿಕೆಗಳು ಯಾವುವು ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಒಂದು ಗುಂಪು ಶೇ. 75, ಇನ್ನೊಂದು ಶೇ. 55 ಎಂದಿದ್ದರೆ ಅದು ಒಡಕಲ್ಲ. ಶೇ. 85 ಮತ್ತು ಶೇ. 15 ಇದ್ದರೆ ನಿಜವಾದ ಬಿರುಕು.

ಗುಂಪುಗಳಿಗೆ ಹೆಸರಿಡುವ ಚಪಲ ಎಲ್ಲ ಆಯೋಜಕರಿಗೂ ಬರುತ್ತದೆ. ಎ ಗುಂಪನ್ನು ‘ಸಂಪ್ರದಾಯವಾದಿಗಳು’ ಎಂದು ವರದಿಯಲ್ಲಿ ಬರೆದ ಕ್ಷಣವೇ, ಬಿಚ್ಚಿಟ್ಟ ಗಂಟನ್ನು ಮತ್ತೆ ಕಟ್ಟಿದ ಹಾಗಾಯಿತು. ಅಕ್ಷರವೇ ಇರಲಿ.

ಪಾಸ್ ಮತಗಳನ್ನು ಯಾರೂ ನೋಡುವುದಿಲ್ಲ, ನೋಡಬೇಕು. ಗೊತ್ತಿಲ್ಲ, ವಾಕ್ಯ ಅರ್ಥವಾಗಲಿಲ್ಲ, ಹೇಳಲು ಇಷ್ಟವಿಲ್ಲ ಈ ಮೂರೂ ಒಂದೇ ಬಟನ್‌ನಲ್ಲಿ ಕೂಡಿಕೊಂಡಿವೆ. ಇದು ತಂತ್ರಾಂಶದ ಕೊರತೆಯೇ ಸರಿ. ಒಂದು ಹೇಳಿಕೆಗೆ ಎಲ್ಲ ಗುಂಪಿನಲ್ಲೂ ಪಾಸ್ ಶೇ. 40 ದಾಟಿದರೆ ಬಹುಶಃ ವಾಕ್ಯವೇ ಗೊಂದಲದ್ದು. ಒಂದೇ ಗುಂಪಿನಲ್ಲಿ ಪಾಸ್ ಏರಿದ್ದರೆ ಆ ಗುಂಪಿಗೆ ಅದರ ಮಾಹಿತಿ ಇಲ್ಲ, ಇಲ್ಲವೇ ಆ ಮಾತಾಡಲು ಹೆದರಿಕೆಯಿದೆ. ಮುಖಾಮುಖಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದರ ಬಗ್ಗೆಯೇ.

ಮತ್ತೆ, ಬಂದವರು ತಾವಾಗಿ ಬಂದವರು. ವರದಿಯ ಶೇಕಡಾವಾರು ಇಡೀ ಊರಿನ, ಇಡೀ ಸಂಸ್ಥೆಯ ಅಭಿಪ್ರಾಯವಲ್ಲ. ಇದನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಬೇಕು.

ಇನ್ನು ಮೇಜಿಗೆ

ಪಾಲಿಸ್‌ಗೆ ‘ಏನು’ ಗೊತ್ತಾಗುತ್ತದೆ, ‘ಯಾಕೆ’ ಗೊತ್ತಾಗುವುದಿಲ್ಲ. ಒಬ್ಬರು ಯಾಕೆ ಹಾಗೆ ಯೋಚಿಸುತ್ತಾರೆಂಬುದು ಅವರ ಅನುಭವದಲ್ಲಿರುತ್ತದೆ, ಅನುಭವ 140 ಅಕ್ಷರದಲ್ಲಿ ಹಿಡಿಯುವುದಿಲ್ಲ. ಇದು ಬರೀ ಅನಿಸಿಕೆಯಲ್ಲ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಾಲಾ ಎಂಬ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಬಾಗಿಲಿನಲ್ಲಿ ಸುಮಾರು 10 ನಿಮಿಷ ತೀರ್ಪು ಕೊಡದೆ ನಡೆಸಿದ ಮಾತುಕತೆ ಲಿಂಗಪರಿವರ್ತಿತರ ಬಗೆಗಿನ ಪೂರ್ವಗ್ರಹವನ್ನು ತಗ್ಗಿಸಿತು, ಪರಿಣಾಮ ಕನಿಷ್ಠ 3 ತಿಂಗಳು ಉಳಿಯಿತು. ಅವರದೇ 2020ರ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಹೊರಬಂತು: ಅನುಭವಗಳ ವಿನಿಮಯವನ್ನು ತೆಗೆದು ಬರೀ ವಾದಗಳನ್ನಷ್ಟೇ ಇಟ್ಟಾಗ ಪರಿಣಾಮ ಕಾಣಲಿಲ್ಲ.

ಹಾಗಾಗಿ ವರದಿ ಬಂದ ಎರಡು ವಾರದೊಳಗೆ ಸಭೆ ಕರೆಯಬೇಕು. ಒಂದು ಮೇಜಿಗೆ 6ರಿಂದ 8 ಜನ, ಎರಡೂ ಕಡೆಯವರು ಸಮ ಸಂಖ್ಯೆಯಲ್ಲಿ. ಒಬ್ಬರೇ ಒಂದು ಕಡೆ, ಏಳು ಜನ ಇನ್ನೊಂದು ಕಡೆ ಆದರೆ ಆ ಒಬ್ಬರು ಬಾಯಿ ಬಿಡುವುದಿಲ್ಲ. ಮೇಜಿಗೊಬ್ಬ ನಿರ್ವಾಹಕ, ಆತ ವಿಷಯದ ಬಗ್ಗೆ ಏನೂ ಹೇಳುವಂತಿಲ್ಲ. ಸಮಯ 90 ನಿಮಿಷ. ಎರಡೂ ಗುಂಪು ಒಪ್ಪಿದ ಒಂದು ಹೇಳಿಕೆಯನ್ನು ಓದಿ ಶುರು ಮಾಡಿ, ಅದರ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಆಮೇಲೆ ಅತಿ ಹೆಚ್ಚು ಒಡೆದ ಹೇಳಿಕೆ ಒಂದೇ ಒಂದು. ಅದರ ಬಗ್ಗೆ ಪ್ರತಿಯೊಬ್ಬರಿಗೂ ಸರದಿಯಂತೆ 2 ನಿಮಿಷ: ‘ಈ ವಿಷಯ ನಿಮ್ಮ ಬದುಕಿಗೆ ಹೇಗೆ ತಾಗಿದೆ?’ ಈ ಸುತ್ತಿನಲ್ಲಿ ಅಡ್ಡ ಮಾತು, ಪ್ರಶ್ನೆ ಎರಡೂ ಇಲ್ಲ.

ಎರಡನೆಯ ಸುತ್ತಿಗೆ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ಮುಂದಿಟ್ಟ ನಿಯಮವೇ ಸಾಕು. ಎದುರಿನವರ ಮಾತನ್ನು, ಅವರ ಭಾವವನ್ನೂ ಸೇರಿಸಿ, ಅವರಿಗೆ ಸಮಾಧಾನವಾಗುವಂತೆ ಮೊದಲು ಹೇಳಬೇಕು. ಅವರು ‘ಹೌದು, ಅದೇ’ ಎಂದ ಮೇಲೆ ಮಾತ್ರ ನಿಮ್ಮ ಸರದಿ. ಕೇಳಲು ಸುಲಭ. ಮೊದಲ ಯತ್ನದಲ್ಲಿ ‘ಹೌದು’ ಗಿಟ್ಟಿಸುವವರು ಕಡಿಮೆ. ಎಲ್ಲಿ ತಪ್ಪುತ್ತದೆ ಎಂದರೆ, ಜನ ಮಾತನ್ನು ಮರಳಿ ಹೇಳುವಾಗಲೇ ಒಂದು ಮುಳ್ಳು ಸೇರಿಸುತ್ತಾರೆ: ‘ಅಂದರೆ ನಿಮಗೆ ಮಕ್ಕಳ ಮೇಲೆ ನಂಬಿಕೆ ಇಲ್ಲ ಅಂತ ತಾನೆ?’ ಅದು ಮರಳಿ ಹೇಳಿದ್ದಲ್ಲ, ಆರೋಪ. ನಿರ್ವಾಹಕ ಅಲ್ಲಿ ನಿಲ್ಲಿಸಿ ‘ಅವರು ಬಳಸಿದ ಪದಗಳಿಗೆ ಹತ್ತಿರ ಇರಲಿ’ ಎಂದಷ್ಟೇ ಹೇಳಬೇಕು. ಎರಡು ಸಲ ತಪ್ಪಿದರೆ ಮೂಲ ಮಾತಾಡಿದವರೇ ಇನ್ನೊಮ್ಮೆ, ಚಿಕ್ಕದಾಗಿ ಹೇಳಲಿ.

ಪ್ರಶ್ನೆ ಕೇಳಿದ ಮೇಲೆ ಕಾಯುವುದೂ ಒಂದು ಕೌಶಲ. ಶಾಲಾ ತರಗತಿಗಳಲ್ಲಿ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಮಾತಾಡುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಭಿನ್ನಾಭಿಪ್ರಾಯದ ಮೇಜಿನಲ್ಲಿ ಐದು ಸೆಕೆಂಡ್ ಆದರೂ ಬೇಕು. ಸಭೆಯನ್ನು ವಿಡಿಯೋ ಕರೆಯಲ್ಲಿ ಮಾಡುವುದಾದರೆ ಇನ್ನೂ ಎಚ್ಚರ: ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚಾದಂತೆ ಮಾತುಕತೆಗೆ ತೊಡಕು ಎಂಬುದು ದೂರಸಂಪರ್ಕದ ಅಂತಾರಾಷ್ಟ್ರೀಯ ಮಾನದಂಡದ ಲೆಕ್ಕ. ತಡವಾಗಿ ಬಂದ ಧ್ವನಿ ಕೇಳುವವರಿಗೆ ಹಿಂಜರಿಕೆಯಂತೆ, ಅಡ್ಡ ಬಾಯಿ ಹಾಕಿದಂತೆ ಅನ್ನಿಸುತ್ತದೆ. ದೋಷ ತಂತಿಯದು, ಸಿಟ್ಟು ಮನುಷ್ಯನ ಮೇಲೆ. ಕೈ ಎತ್ತಿ ಸರದಿ ಪಡೆಯುವ ಕ್ರಮ ಅಲ್ಲಿ ಕಡ್ಡಾಯ ಮಾಡಿ.

ಫಲ ಸಿಕ್ಕಿತೋ ಇಲ್ಲವೋ ಅಳೆಯುವುದು ಹೇಗೆ? ಎಷ್ಟು ಜನ ನಿಲುವು ಬದಲಿಸಿದರು ಎಂದು ಎಣಿಸುವುದು ತಪ್ಪು ಅಳತೆ. ಬಾಸ್ಟನ್ ಪ್ರದೇಶದಲ್ಲಿ 1994ರ ಡಿಸೆಂಬರ್‌ನಲ್ಲಿ ಗರ್ಭಪಾತ ಚಿಕಿತ್ಸಾಲಯಗಳ ಮೇಲೆ ಗುಂಡಿನ ದಾಳಿ ನಡೆದ ನಂತರ, ಪರ-ವಿರೋಧದ ತಲಾ ಮೂವರು ಮಹಿಳಾ ಮುಖಂಡರು ಐದು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿ ಭೇಟಿಯಾಗಿ ಮಾತಾಡಿ, 2001ರ ಜನವರಿಯಲ್ಲಿ ಅದನ್ನು ಬಹಿರಂಗಪಡಿಸಿದರು. ಯಾರ ನಿಲುವೂ ಬದಲಾಗಿರಲಿಲ್ಲ. ಬದಲಾದದ್ದು ಸಾರ್ವಜನಿಕವಾಗಿ ಎದುರು ಪಕ್ಷದ ಬಗ್ಗೆ ಬಳಸುವ ಭಾಷೆ, ಮತ್ತು ಅಪಾಯದ ಸುಳಿವು ಸಿಕ್ಕರೆ ಪರಸ್ಪರ ತಿಳಿಸುವಷ್ಟು ವಿಶ್ವಾಸ. ನಿಮ್ಮ ಸಭೆಯ ಕೊನೆಗೆ ಒಂದು ಚೀಟಿ ಕೊಟ್ಟು, ಎದುರು ಕಡೆಯವರ ಅತ್ಯಂತ ಬಲವಾದ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಸಿ. ಅದನ್ನು ಎದುರು ಕಡೆಯವರೇ ಓದಿ ‘ಸರಿ’, ‘ಸರಿಯಿಲ್ಲ’ ಗುರುತು ಹಾಕಲಿ. ಎಂಟರಲ್ಲಿ ಆರು ‘ಸರಿ’ ಬಂದರೆ ಸಭೆ ಗೆದ್ದಿತು.

ಬೇರೆ ಯಾವುದು, ಯಾರಿಗೆ

2017ರಲ್ಲಿ ಬಂದ ಕಿಯಾಲೊ ಎಂಬ ಚರ್ಚಾ ಜಾಲತಾಣ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದು ಪ್ರಮೇಯದ ಕೆಳಗೆ ಪರ, ವಿರೋಧ ಕಾರಣಗಳು ಮರದ ಕೊಂಬೆಗಳ ಹಾಗೆ ಬೆಳೆಯುತ್ತವೆ, ಪ್ರತಿ ಕಾರಣಕ್ಕೂ ಮತ್ತೆ ಪರ-ವಿರೋಧ. ತರ್ಕ ಕಲಿಸಲು, ತರಗತಿಗೆ ತುಂಬಾ ಒಳ್ಳೆಯದು. ಆದರೆ ನಾಲ್ಕು ಹಂತ ಇಳಿದ ಮೇಲೆ ಯಾರಿಗೂ ದಿಕ್ಕು ತಿಳಿಯುವುದಿಲ್ಲ, ಬರವಣಿಗೆ ಬಲ್ಲವರದೇ ದರಬಾರು. ಮನಸ್ತಾಪ ಇರುವಲ್ಲಿ ಕಿಯಾಲೊ ಬೇಡ.

ಪಾಲಿಸ್ ಸಲ್ಲುವುದು ನೂರಕ್ಕೂ ಹೆಚ್ಚು ಜನರಿದ್ದು, ನಿರ್ಧಾರ ಇನ್ನೂ ಆಗಿರದಿದ್ದಾಗ. ತೀರ್ಮಾನ ಮಾಡಿಟ್ಟುಕೊಂಡು ಒಪ್ಪಿಗೆಯ ಮುದ್ರೆಗಾಗಿ ನಡೆಸಿದರೆ ಜನರಿಗೆ ಗೊತ್ತಾಗುತ್ತದೆ, ಎರಡನೆಯ ಸಲ ಯಾರೂ ಬರುವುದಿಲ್ಲ. ಒಂದು ಸಣ್ಣ ಸಮುದಾಯದ ಹಕ್ಕು ಇರಬೇಕೋ ಬೇಡವೋ ಎಂಬುದನ್ನೂ ಇದಕ್ಕೆ ಹಾಕಬಾರದು. ತಮ್ಮ ಇರವಿನ ಮೇಲೇ ಮತ ಬೀಳುವುದನ್ನು ನೋಡಲು ಅವರನ್ನು ಆಹ್ವಾನಿಸುವುದು ಸಂವಾದವಲ್ಲ. ಸ್ವಂತ ಸರ್ವರ್‌ನಲ್ಲಿ ಹಾಕಲು ಡಾಕರ್ (ತಂತ್ರಾಂಶಗಳನ್ನು ಸರ್ವರ್‌ನಲ್ಲಿ ಓಡಿಸುವ ಸಾಧನ) ಬಲ್ಲ ಒಬ್ಬ ತಂತ್ರಜ್ಞ ಬೇಕು. ಮತಗಳ ಕಚ್ಚಾ ದತ್ತಾಂಶವನ್ನು ಸಿಎಸ್‌ವಿ ಎಂಬ ಸಾದಾ ಕೋಷ್ಟಕದ ಕಡತವಾಗಿ ಇಳಿಸಿಕೊಳ್ಳಬಹುದು, ಇಳಿಸಿಕೊಂಡು ಅನುಮಾನ ಇರುವವರಿಗೂ ಕೊಡಬೇಕು.

ಮೂವತ್ತಕ್ಕಿಂತ ಕಡಿಮೆ ಜನರಿದ್ದರೆ ತಂತ್ರಾಂಶವೇ ಬೇಡ, ಗುಂಪುಲೆಕ್ಕಕ್ಕೆ ಅಷ್ಟು ಜನ ಸಾಲುವುದೂ ಇಲ್ಲ. ಮೇಲಿನ ನಿಯಮಗಳಂತೆಯೇ 12 ಹೇಳಿಕೆ ಬರೆದು ಕಾಗದದಲ್ಲಿ ಹಂಚಿ, ಪ್ರತಿಯೊಬ್ಬರೂ ಒಪ್ಪಿಗೆಗೆ 1, ವಿರೋಧಕ್ಕೆ −1, ಪಾಸ್‌ಗೆ 0 ಬರೆಯಲಿ. ಪ್ರತಿ ಇಬ್ಬರ ಹಾಳೆಯನ್ನು ಹೋಲಿಸಿ ಎಷ್ಟು ಕಡೆ ಚಿಹ್ನೆ ವಿರುದ್ಧವಾಗಿದೆ ಎಂದು ಎಣಿಸಿ. ಜರ್ಮನಿಯ ಸುದ್ದಿ ಜಾಲತಾಣ ‘ಝೈಟ್ ಆನ್‌ಲೈನ್’ 2017ರಲ್ಲಿ ಕೆಲವೇ ಹೌದು-ಇಲ್ಲ ಪ್ರಶ್ನೆಗಳ ಉತ್ತರ ನೋಡಿ ಭಿನ್ನ ನಿಲುವಿನವರನ್ನು ಜೋಡಿ ಮಾಡಿ ಭೇಟಿ ಮಾಡಿಸಿದ್ದು ಇದೇ ತತ್ವದ ಮೇಲೆ. 12ರಲ್ಲಿ 5ರಿಂದ 8 ವಿರುದ್ಧ ಇರುವ ಜೋಡಿ ಒಳ್ಳೆಯದು. 11 ವಿರುದ್ಧ ಇದ್ದವರಿಗೆ ನಿಲ್ಲಲು ಒಂದೇ ಹೇಳಿಕೆ ಉಳಿದಿರುತ್ತದೆ, ಮೊದಲ ಭೇಟಿಗೆ ಅದು ಕಷ್ಟ. ಜೋಡಿಗೆ 40 ನಿಮಿಷ ಕೊಡಿ, ಇಬ್ಬರೂ ಒಪ್ಪಿದ ಹೇಳಿಕೆಯನ್ನು ಹಾಳೆಯ ಮೇಲ್ಗಡೆ ಪೆನ್ನಿನಲ್ಲಿ ಗುರುತು ಹಾಕಿ, ಅಲ್ಲಿಂದ ಶುರು ಮಾಡಲು ಹೇಳಿ.